ಚಾಕ್ ಪೇಂಟ್ ತಂದರೆ ಉಜ್ಜುವುದೇ ಬೇಡವಂತೆ, ಹೌದೇ?

ಪ್ರಶ್ನೆ: ಅತ್ತೆಯವರ ಕಾಲದ ಸಾಗವಾನಿ ಕಪಾಟಿಗೆ ಶಾಬಿ ಶಿಕ್ ಬಣ್ಣ (ಅಲ್ಲಲ್ಲಿ ಸವೆದು ಹಳತಾದಂತೆ ಕಾಣುವುದು) ಮಾಡಬೇಕೆಂದಿದ್ದೇನೆ. ಸೀಮೆಸುಣ್ಣದಂತೆ ಹೊಳಪಿಲ್ಲದೆ ಒಣಗುವ ಚಾಕ್ ಪೇಂಟ್ ಆದರೆ ತೊಳೆಯುವುದು, ಉಜ್ಜುವುದು ಏನೂ ಬೇಡ, ನೇರವಾಗಿ ಬಳಿಯಬಹುದು ಅನ್ನುತ್ತಾರೆ. ನಿಜವೇ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ನಿಜವಲ್ಲ. ಮಾಟುಂಗಾದಿಂದ ಬಂದರೂ ಇದೇ ಪ್ರಶ್ನೆ, ಠಾಣೆಯಿಂದ ಬಂದರೂ ಇದೇ. ಕಪಾಟಿದ್ದಲ್ಲಿ ಟೀಪಾಯಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಶಾಬಿ ಶಿಕ್ ಮಾಡುವುದು ಹೇಗೆ? ಮೊದಲು ಕಡುಬಣ್ಣದ ಒಂದು ಕೋಟು. ಒಣಗಿದ ಮೇಲೆ ಅಂಚಿಗೆ, ಮೂಲೆಗೆ, ಹಿಡಿಕೆಯ ಸುತ್ತ ಬಿಳಿ ಮೇಣದಬತ್ತಿ ತಿಕ್ಕುತ್ತೇವೆ. ಅದರ ಮೇಲೆ ತೆಳುಬಣ್ಣ. ಅದೂ ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರ್‌ನಿಂದ ಮೆಲ್ಲಗೆ ಸವರಿದರೆ, ಮೇಣ ತಾಗಿದ ಕಡೆಯೆಲ್ಲ ಮೇಲಿನ ಬಣ್ಣ ಎದ್ದು ಬಂದು ಕೆಳಗಿನದು ಇಣುಕುತ್ತದೆ. ಯಾಕೆ ಎದ್ದು ಬರುತ್ತದೆ? ಮೇಣದ ಮೇಲೆ ಬಣ್ಣ ಕೂರುವುದಿಲ್ಲ, ಅದಕ್ಕೇ. ಇಡೀ ವಿದ್ಯೆ ನಿಂತಿರುವುದೇ ಇದರ ಮೇಲೆ.

ಈಗ ನಿಮ್ಮ ಅತ್ತೆಯವರ ಕಪಾಟಿಗೆ ಬನ್ನಿ. ವರ್ಷವರ್ಷ ದೀಪಾವಳಿಗೆ ಮೇಣದ ಪಾಲಿಶ್ ತಿಂದಿದೆ, ಅಡುಗೆಮನೆಗೆ ಹತ್ತಿರವಿದ್ದರೆ ಒಗ್ಗರಣೆಯ ಜಿಡ್ಡನ್ನೂ ಕುಡಿದಿದೆ. ಅಂದರೆ ತಲೆಯಿಂದ ಕಾಲಿನವರೆಗೆ ಅದಕ್ಕೆ ಆಗಲೇ ಮೇಣದಬತ್ತಿ ತಿಕ್ಕಿಯಾಗಿದೆ! ನೀವು ಬೇಕೆಂದ ಕಡೆ ಮಾತ್ರವಲ್ಲ, ಬೇಡದ ಕಡೆಯೂ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬಳಿದ ದಿನ ಚೆನ್ನಾಗಿಯೇ ಕಾಣುತ್ತದೆ. ಮೋಸವೆಲ್ಲ ಅಲ್ಲೇ ಇರುವುದು, ವಿಡಿಯೊ ಅಲ್ಲಿಗೇ ಮುಗಿಯುತ್ತದಲ್ಲ.

ಈ ನಂಬಿಕೆ ಹುಟ್ಟಿದ್ದು ಎಲ್ಲಿಂದಲೋ ಅಲ್ಲ. ಬ್ರಿಟನ್ನಿನ ಆನಿ ಸ್ಲೋನ್ 1990ರಲ್ಲಿ ಚಾಕ್ ಪೇಂಟ್ ಹೊರತಂದಾಗ ಅದರ ಹೆಚ್ಚುಗಾರಿಕೆಯೇ ತಯಾರಿಯ ಕೆಲಸ ಕಡಿಮೆ ಎಂಬುದಾಗಿತ್ತು. ಮಾಮೂಲಿ ಆಯಿಲ್ ಪೇಂಟ್‌ಗಿಂತ ಅದು ಚೆನ್ನಾಗಿ ಹಿಡಿಯುವುದೂ ಹೌದು. ಆದರೆ ‘ಕಡಿಮೆ’ ಎಂದದ್ದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಬೇಡವೇ ಬೇಡ’ ಆಯಿತು.

ಹಾಗಾದರೆ ಮಾಡಬೇಕಾದದ್ದೇನು? ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ. ಮೇಣಕ್ಕೆ ಟರ್ಪೆಂಟೈನ್, ಕಿಟಕಿ ತೆರೆದಿಟ್ಟುಕೊಂಡು. ಒಣಗಿದ ಮೇಲೆ ಹೊಳಪು ಹೋಗುವಷ್ಟು ಮಾತ್ರ ಪಾಲಿಶ್ ಪೇಪರ್ ಆಡಿಸಿ, ಮರ ಕಾಣುವವರೆಗೆ ಕೆರೆಯಬೇಕಿಲ್ಲ. ಓಶಿವಾರಾದ ಹಳೇ ಫರ್ನಿಚರ್ ಅಂಗಡಿಗಳಿಂದ ತಂದದ್ದಾದರೆ ಇನ್ನೂ ಹುಷಾರು, ಮಾರುವ ಮುಂಚೆ ಮಿಂಚಲೆಂದು ಏನೇನೋ ಸವರಿರುತ್ತಾರೆ. ಅನುಮಾನವಿದ್ದರೆ ಕಪಾಟಿನ ಹಿಂಬದಿಯಲ್ಲಿ ಅಂಗೈಯಗಲ ಬಳಿದು, ಮಾರನೇ ದಿನ ಸೆಲೋ ಟೇಪ್ ಅಂಟಿಸಿ ಎಳೆಯಿರಿ. ಟೇಪಿನ ಜೊತೆ ಬಣ್ಣ ಬಂದರೆ ಮತ್ತೆ ಬಟ್ಟೆ ಹಿಡಿಯಿರಿ.

ಸಾಗವಾನಿಗೆ ಇನ್ನೊಂದು ತಾಪತ್ರಯ. ಮರದೊಳಗಿನ ಎಣ್ಣೆ, ಬಣ್ಣದಂಶ ಮೇಲೇರಿ ಬಿಳಿಯ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ ಮೂಡಿಸುತ್ತದೆ. ಅದರ ಮೇಲೆ ಇನ್ನೆರಡು ಕೋಟು ಬಿಳಿ ಬಳಿದು ಮುಚ್ಚುತ್ತೇನೆಂದರೆ ಆಗದು. ಬಣ್ಣಕ್ಕೆ ಮೊದಲು ಶೆಲ್ಯಾಕ್‌ನ ತೆಳು ಕೋಟು ಬೇಕು. ಪಾಲಿಶ್‌ನವರು ಚಪಡಾ ಅನ್ನುತ್ತಾರಲ್ಲ, ಅದೇ ಅರಗು. ಆದರೆ ಅದರಲ್ಲೂ ಸಹಜವಾಗಿಯೇ ಮೇಣ ಇರುತ್ತದೆ (ಮತ್ತೆ ಮೇಣ!). ಸ್ಪಿರಿಟ್‌ನಲ್ಲಿ ಕರಗಿಸಿ, ಕದಡದೆ ಇಟ್ಟು, ಮೇಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ.

ಮಳೆಗಾಲದಲ್ಲಿ ಈ ಕೆಲಸ ಹಿಡಿಯಬೇಡಿ, ಒಣಗುವುದಿಲ್ಲ. ಕೊನೆಯ ಕೋಟಿಗೆ ಎಲ್ಲರೂ ಮೇಣವನ್ನೇ ಹೇಳುತ್ತಾರೆ. ಮುಂಬಯಿಯ ತೇವಕ್ಕೆ ನೀರಿನಲ್ಲಿ ಕಲಸುವ ಮ್ಯಾಟ್ ಪಾಲಿಯುರೆಥೇನ್ (ಹೊಳಪಿಲ್ಲದ ವಾರ್ನಿಷ್) ವಾಸಿ ಎಂದು ನನ್ನ ಮತ.

ಕೇಳದಿದ್ದರೂ ಇದೊಂದನ್ನು ಹೇಳಬೇಕು. ಕಪಾಟು ಮುಗಿದ ಮೇಲೆ ಕಣ್ಣು ಅಟ್ಟದ ಮೇಲಿನ ತೊಟ್ಟಿಲಿನ ಕಡೆ ಹೋಗುತ್ತದೆ, ನಾನು ಬಲ್ಲೆ. ತೊಟ್ಟಿಲಿಗೆ ಶಾಬಿ ಶಿಕ್ ಬೇಡ. ಬಣ್ಣ ಸಡಿಲವಾಗಿರುವುದೇ ಇದರ ಅಂದ, ಹಲ್ಲು ಬರುವ ಮಗು ಮೊದಲು ಕಚ್ಚುವುದು ಆ ಅಂಚನ್ನೇ. ಅದರ ಮೇಲೆ ಹಳೇ ಆಯಿಲ್ ಪೇಂಟ್ ಇದ್ದರಂತೂ ಅದರಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಂಥದ್ದನ್ನು ಮನೆಯೊಳಗೆ ಒಣ ಪೇಪರ್‌ನಿಂದ ಉಜ್ಜಲೂಬೇಡಿ, ಸುಡಲೂಬೇಡಿ, ಆ ಧೂಳು ಮಗುವಿನ ಬಾಯಿಗೇ ಹೋಗುತ್ತದೆ. ಬಣ್ಣವಿಲ್ಲದ ಬರೀ ಮರದ ತೊಟ್ಟಿಲಾದರೆ ಚೆನ್ನಾಗಿ ಒರೆಸಿ, ಬೇರೇನೂ ಬೆರೆಸದ ಅರಗಿನ ಎರಡು ತೆಳು ಕೋಟು ಕೊಟ್ಟು, ಸ್ಪಿರಿಟ್ ವಾಸನೆ ಪೂರ್ತಿ ಹೋಗುವವರೆಗೆ ಬಿಡಿ. ಮಾತ್ರೆಗಳಿಗೆ ಹೊಳಪು ಕೊಡುವುದೂ ಅದೇ ಅರಗು.