ಬೆಳ್ಳಿ ರೂಪಾಯಿಯನ್ನು ನೀರಿನಲ್ಲಿ ತೂಗಿ ನೋಡಿ

ಹಳೆಯ ನಾಣ್ಯ ಕೂಡಿಡುವ ಆಸೆ ಹುಟ್ಟಿದವರು ಮೊದಲು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಕೊಳ್ಳಲಿ ಎನ್ನುತ್ತೇನೆ. ಆಮೇಲೆ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯಿಂದ ಶುರು ಮಾಡಬಹುದು. ಕೋಟಿಗಟ್ಟಲೆ ಟಂಕಿಸಿದ್ದರಿಂದ ಅದು ಇಂದಿಗೂ ಸುಲಭವಾಗಿ ಸಿಗುತ್ತದೆ. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಶೇ 91.7ರಷ್ಟು ಬೆಳ್ಳಿ, ಉಳಿದದ್ದು ಮಿಶ್ರಲೋಹ, ಹೆಚ್ಚಾಗಿ ತಾಮ್ರ.

ಬರೀ ತೂಕವನ್ನು ನೆಚ್ಚಿಕೊಳ್ಳುವಂತಿಲ್ಲ. ಕೈಯಿಂದ ಕೈಗೆ ಓಡಾಡಿ ಸವೆದ ಅಸಲಿ ರೂಪಾಯಿ ಹಗುರಾಗಿರುತ್ತದೆ. ನಕಲಿ ಮಾಡುವವರು ದಪ್ಪ ಹೆಚ್ಚಿಸಿ ತೂಕ ಸರಿದೂಗಿಸಿರುತ್ತಾರೆ. ಎಷ್ಟು ಸವೆದರೂ ಬದಲಾಗದ್ದು ಲೋಹದ ಸಾಂದ್ರತೆ. ಅದನ್ನು ಅಳೆಯಲು ಆರ್ಕಿಮಿಡೀಸನ ತತ್ವವೇ ಸಾಕು.

ನಾಣ್ಯವನ್ನು ಒಣಗಿದ್ದಾಗಲೇ ತೂಗಿ ಬರೆದಿಟ್ಟುಕೊಳ್ಳಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ಕಟ್ಟಿದ ನಾಣ್ಯವನ್ನು ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ.

ಸವೆಯದ ಒಳ್ಳೆಯ ರೂಪಾಯಿಗೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು, ಸಾಂದ್ರತೆ 10.3ರ ಆಸುಪಾಸು. ಅಷ್ಟೇ ತೂಕದ ತಾಮ್ರ-ನಿಕಲ್ ನಕಲಿಯಾದರೆ 1.3 ಗ್ರಾಂ ದಾಟುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿಯನ್ನು ಶೇ 50ಕ್ಕೆ ಇಳಿಸಿದ್ದರು. ಅವುಗಳಿಗೆ ಸುಮಾರು 1.22 ಬರುತ್ತದೆ. ಸರ್ಕಾರದ ಬೊಕ್ಕಸದಲ್ಲಿ ಬೆಳ್ಳಿ ಕರಗಿದ್ದು ಅಡುಗೆಮನೆಯ ಲೋಟದಲ್ಲಿ ಕಾಣಿಸುವುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

ನೀರಿಗೆ ಇಸವಿ ಮಾತ್ರ ಗೊತ್ತಾಗದು. 1939ರ ರೂಪಾಯಿ ಬಲು ಅಪರೂಪ. ಅದಕ್ಕಾಗಿಯೇ 1938ರ ನಾಣ್ಯದ ಕೊನೆಯ ಅಂಕಿಯನ್ನು ತಿದ್ದುತ್ತಾರೆ. ಲೋಹ ಅಸಲಿಯಾದ್ದರಿಂದ ಸಾಂದ್ರತೆಯ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ. ಅಲ್ಲಿ ಭೂತಗನ್ನಡಿಯೇ ಗತಿ. ಸರಕ್ಕೆ ಪೋಣಿಸಲು ಬೆಸೆದಿದ್ದ ಕೊಂಡಿಯ ಗುರುತನ್ನೂ ಅಂಚಿನಲ್ಲಿ ಹುಡುಕಿ. ಅಂಥ ನಾಣ್ಯಕ್ಕೆ ಬೆಲೆ ಕಡಿಮೆ.

ಕಪ್ಪಾಗಿದೆಯೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ದಯವಿಟ್ಟು. ಗಾಳಿಯಲ್ಲಿನ ಗಂಧಕದ ಅನಿಲಗಳ ಜೊತೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್ ಆ ಕಪ್ಪು. ಅದನ್ನು ತಿಕ್ಕಿ ತೆಗೆದರೆ ಮೇಲ್ಮೈಯ ಬೆಳ್ಳಿಯೂ ಹೋಗುತ್ತದೆ, ಅಚ್ಚಿನ ಮೂಲ ಹೊಳಪು ಮತ್ತೆ ಬರುವುದಿಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ಉಡುಗೊರೆ ಕೊಡಲು ಕೊಳ್ಳುವವರು ಇಸವಿ ನೋಡಿಕೊಳ್ಳಿ. ನೂರು ವರ್ಷ ತುಂಬಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.