‘ಈತ’ ಎಂದು ಬರೆದವರು ಯಾರು?

ಮಂಗಳೂರಿನ ಕನ್ನಡ ಪತ್ರಿಕೆಯೊಂದರಲ್ಲಿ ಬಹುಕಾಲ ವಾಚಕರ ಪತ್ರಗಳ ವಿಭಾಗ ನೋಡಿಕೊಂಡಿರುವ ನನಗೆ, ಮಹಿಳೆಯರ ಹಕ್ಕು ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಅರಿವಾದದ್ದು ನಾನೇ ಕೊಟ್ಟ ಒಂದು ಕೆಟ್ಟ ತಲೆಬರಹದಿಂದ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ದೊರೆತ ಆ ದಿನಗಳಲ್ಲಿ ಎರಡು ಪತ್ರಗಳು ಒಟ್ಟಿಗೆ ಬಂದವು. ಕಾರ್ಕಳ ಕಡೆಯ ಗೃಹಿಣಿಯೊಬ್ಬರು ಗೆರೆಹಾಳೆಯ ಎರಡೂ ಬದಿ ತುಂಬ ಬರೆದು, ತಮ್ಮೂರಿಗೆ ಬರುವುದೆಲ್ಲ ಖಾಸಗಿ ಬಸ್ಸೇ ಆಗಿರುವಾಗ ಉಚಿತ ಟಿಕೆಟ್ಟು ಯಾವ ಕಂಡಕ್ಟರನ ಬಳಿ ಕೇಳಲಿ ಎಂದಿದ್ದರು. ಇನ್ನೊಬ್ಬ ಮಹನೀಯರು ಹೆಂಗಸರ ಸವಲತ್ತಿನಲ್ಲಿ ‘ಅಂಥವರಿಗೂ’ ಪಾಲೇಕೆ ಎಂದು ಇಮೇಲ್ ಕಳಿಸಿದ್ದರು. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ‘ಮಹಿಳೆಯರ ಪಾಲು ಯಾರಿಗೆ?’ ಎಂದು ತಲೆಬರಹ ಕೊಟ್ಟೆ.

ಮರುದಿನ ಆ ಗೃಹಿಣಿ ಫೋನು ಮಾಡಿ, “ನಾನು ಬಸ್ಸಿನ ವಿಷಯ ಬರೆದದ್ದಲ್ಲವಾ?” ಎಂದರು. ಹೌದು. ದಕ್ಷಿಣ ಕನ್ನಡ, ಉಡುಪಿಯ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಆಕೆಗೆ ಸಿಗದ ಉಚಿತ ಟಿಕೆಟ್ಟು ಅದೇ ಬಸ್ಸು ಹತ್ತುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗೂ ಸಿಕ್ಕಿರಲಿಲ್ಲ. ಕೊರತೆ ಇಬ್ಬರದೂ ಒಂದೇ ಆಗಿತ್ತು, ಜಗಳ ಮಾತ್ರ ನಾನು ಹಚ್ಚಿದ್ದು.

ಮಹಿಳೆಯರ ಎದುರಿಗೆ ಲಿಂಗತ್ವ ಅಲ್ಪಸಂಖ್ಯಾತರನ್ನು ನಿಲ್ಲಿಸುವ ಈ ವಾದ ನಮ್ಮ ಪತ್ರಗಳಿಗೆ ಬಹುಮಟ್ಟಿಗೆ ಹೊರಗಿನಿಂದ, ವಿಶೇಷವಾಗಿ ಬ್ರಿಟನ್ನಿನ ಪತ್ರಿಕೆಗಳಿಂದ ಬಂದದ್ದು. ಅಲ್ಲಿ ಪತ್ರಿಕಾ ಕಚೇರಿಗಳೇ ಒಡೆದಿವೆ: 2020ರ ಮಾರ್ಚ್‌ನಲ್ಲಿ ‘ಗಾರ್ಡಿಯನ್’ ಅಂಕಣಕಾರ್ತಿ ಸೂಜನ್ ಮೂರ್ ಈ ವಿಷಯವಾಗಿ ಬರೆದ ಬಳಿಕ ಸಂಸ್ಥೆಯ 338 ಮಂದಿ ಸಂಪಾದಕರಿಗೆ ಆಕ್ಷೇಪಣಾ ಪತ್ರ ಬರೆದರು, ಅದೇ ನವೆಂಬರ್‌ನಲ್ಲಿ ಮೂರ್ ಪತ್ರಿಕೆ ಬಿಟ್ಟರು. 2025ರ ಏಪ್ರಿಲ್ 16ರಂದು ಅಲ್ಲಿನ ಸುಪ್ರೀಂ ಕೋರ್ಟ್, 2010ರ ಸಮಾನತಾ ಕಾಯ್ದೆಯಲ್ಲಿನ ‘ಮಹಿಳೆ’ ಎಂಬ ಪದಕ್ಕೆ ಜೈವಿಕ ಲಿಂಗವೇ ಅರ್ಥ ಎಂದಾಗ, “ಅವರೇ ಹೇಳಿದ ಮೇಲೆ ನಮ್ಮದೇನು” ಎಂಬ ಧಾಟಿಯ ಪತ್ರಗಳು ನಮ್ಮಲ್ಲೂ ಬಂದವು. ಅದೇ ಕಾಯ್ದೆಯಡಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ತಾರತಮ್ಯದಿಂದ ರಕ್ಷಣೆ ಮುಂದುವರಿಯುತ್ತದೆ ಎಂದು ಆ ನ್ಯಾಯಾಲಯವೇ ಹೇಳಿದ್ದನ್ನು ಯಾವ ಪತ್ರವೂ ಎತ್ತಲಿಲ್ಲ.

ನಮ್ಮ ಕಾನೂನಿನ ದಾರಿ ಬೇರೆ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಆದರೂ ‘ಅವರಿಗೆ ಹೆಚ್ಚಿನ ಹಕ್ಕು’ ಎಂದು ಬರೆಯುವವರಿಗೆ ನಾನು ತೋರಿಸುವುದು ಒಂದು ಹೋಲಿಕೆಯನ್ನು: ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕನಿಷ್ಠ ಹತ್ತು ವರ್ಷ ಶಿಕ್ಷೆ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 18ನೇ ಕಲಂ ಲೈಂಗಿಕ ದೌರ್ಜನ್ಯವನ್ನೂ ಸೇರಿಸಿ ವಿಧಿಸಿದ್ದು ಆರು ತಿಂಗಳಿಂದ ಎರಡು ವರ್ಷ. 2025ರ ಜೂನ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಪುರುಷನನ್ನು ಮದುವೆಯಾದ ಟ್ರಾನ್ಸ್ ಮಹಿಳೆಯೂ, ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಭಾರತೀಯ ದಂಡ ಸಂಹಿತೆಯ 498ಎ ಕಲಂ ಅಡಿ ದೂರು ಕೊಡಬಹುದು ಎಂದಿತು, ಸಾಕ್ಷ್ಯ ಸಾಲದೆಂದು ಆ ನಿರ್ದಿಷ್ಟ ಪ್ರಕರಣವನ್ನು ರದ್ದುಪಡಿಸಿತು ಕೂಡ. ತಲೆಬರಹದಲ್ಲಿ ಎರಡನೆಯ ಅರ್ಧಕ್ಕೆ ಜಾಗ ಸಿಗದಿದ್ದರೆ ಓದುಗರು ಅರ್ಧ ತೀರ್ಪಿನ ಮೇಲೆಯೇ ಜಗಳಕ್ಕೆ ಇಳಿಯುತ್ತಾರೆ.

ಇಂಗ್ಲಿಷಿನವರನ್ನು ಇಷ್ಟೊಂದು ಕಾಡುವ ಸರ್ವನಾಮದ ತಕರಾರು ನಮಗೆ ಬೇರೊಂದು ಬಗೆಯಲ್ಲಿ ಎದುರಾಗುತ್ತದೆ. ಕನ್ನಡದ ‘ಅವರು’, ತುಳುವಿನ ‘ಆರ್’ ಹೆಣ್ಣು ಗಂಡು ಕೇಳುವುದಿಲ್ಲ, ಮರ್ಯಾದೆ ಮಾತ್ರ ಕೇಳುತ್ತವೆ. ಅಪರಾಧ ಸುದ್ದಿಯ ರೂಢಿಯಲ್ಲಿ ಆರೋಪಿಗೆ ‘ಈತ’ ಅಥವಾ ‘ಈಕೆ’, ದೂರು ಕೊಟ್ಟವರಿಗೆ ‘ಅವರು’. ಒಂದು ರಾತ್ರಿ ಬಸ್ ನಿಲ್ದಾಣದ ಬಳಿ ಪೆಟ್ಟು ತಿಂದು ದೂರು ಕೊಟ್ಟ ಟ್ರಾನ್ಸ್ ಮಹಿಳೆಯ ಸುದ್ದಿ ನಮ್ಮ ಡೆಸ್ಕಿಗೆ ಬಂದಾಗ ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ‘ಈತ’ ಎಂದೇ ಇತ್ತು. ಪೊಲೀಸ್ ಟಿಪ್ಪಣಿಯ ಭಾಷೆ ವರದಿಗಾರನ ಕೈಗೆ ಹಾಗೆಯೇ ಇಳಿದಿತ್ತು; ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಿದ 36ಎ ಕಲಂನಲ್ಲಿ ‘ನಪುಂಸಕರು’ ಎಂಬರ್ಥದ ಪದವೇ ಇದ್ದು, ಅದನ್ನು ತೆಗೆದದ್ದು 2016ರಲ್ಲಿ ಎಂಬುದನ್ನು ನೆನೆದರೆ ಆ ಭಾಷೆಗೆ ಆಶ್ಚರ್ಯಪಡಬೇಕಾಗಿಲ್ಲ. ಒಂಬತ್ತು ಕಡೆ ತಿದ್ದಿದೆ. ಕ್ರಿಯಾಪದಗಳ ‘ದನು’ಗಳನ್ನೂ ತಿದ್ದಬೇಕಾದ್ದರಿಂದ ಪುಟ ಸ್ವಲ್ಪ ತಡವಾಗಿ ಹೋಯಿತು.

ಆ ಸುದ್ದಿಗೆ ಬಂದ ಮೊದಲ ಪತ್ರ ಹೀಗಿತ್ತು: “ಆ ಹೊತ್ತಿನಲ್ಲಿ ಅಲ್ಲೇನು ಕೆಲಸ?” 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಯುವತಿಯರ ಮೇಲೆ ಹಲ್ಲೆಯಾದಾಗಲೂ, ಅವರೇಕೆ ಅಲ್ಲಿಗೆ ಹೋದರು ಎಂದು ಕೇಳುವ ಪತ್ರಗಳನ್ನು ಕಟ್ಟುಗಟ್ಟಲೆ ಓದಿದ್ದೆ. ಆಗ ಅವನ್ನು ಓದುಗರ ಅಭಿಪ್ರಾಯ ಎಂದು ಬಗೆದು ಹಲವನ್ನು ಹಾಗೆಯೇ ಹಾಕಿದ್ದೂ ಉಂಟು. ಈ ಸಲ ಪತ್ರವನ್ನು ಬರೆದವರಿಗೇ ಹಿಂದಿರುಗಿಸಿ, ಹೊಡೆದವರ ಬಗ್ಗೆಯೂ ಒಂದು ವಾಕ್ಯ ಸೇರಿಸಿ ಕಳಿಸಿದರೆ ಪ್ರಕಟಿಸುವುದಾಗಿ ಬರೆದೆ. ಅವರಿಂದ ಉತ್ತರ ಬಂದಿಲ್ಲ.