ಮೊದಲು ಬೆನ್ನು ನೋಡಿ

ಹೋದ ಚಳಿಗಾಲದಲ್ಲಿ ಮಂಗಳೂರು ಕಡೆಯ ಒಬ್ಬರು ನಮ್ಮ ಅಂಗಡಿಗೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ರತ್ನಗಂಬಳಿ ತಂದರು. ಅವರ ಅಜ್ಜ ಇರಾನಿನ ಆಬಾದಾನ್‌ನಲ್ಲಿ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರಂತೆ. ಊರಿಗೆ ವಾಪಸಾಗುವಾಗ ತಂದದ್ದು. ಬಿಡಿಸಿ ಹಾಸಿದೆವು. ಕೆಂಪು ಅಂಚು, ನಡುವೆ ಕಡುನೀಲಿ, ಅಲ್ಲಲ್ಲಿ ಕೋಳಿಯಂಥ, ಮೇಕೆಯಂಥ ಪುಟ್ಟ ಆಕೃತಿಗಳು.

"ನೋಡಿ, ನೀಲಿ ಪಟ್ಟೆ ಪಟ್ಟೆಯಾಗಿ ಬಣ್ಣ ಹೋಗಿದೆ. ಡೈ ಹಾಕಿ ಒಂದೇ ಥರ ಮಾಡಿಕೊಡ್ಲಿಕ್ಕೆ ಆಗ್ತದಾ?" ಅಂತ ಕೇಳಿದರು.

ನಾನು ಏನೂ ಹೇಳದೆ ಕಂಬಳಿಯನ್ನು ಮಗುಚಿ ಹಾಕಿದೆ.

ರತ್ನಗಂಬಳಿ ತೊಳೆಯುವುದು, ರಫೂ ಮಾಡುವುದು ನನ್ನ ಕೆಲಸ. ಗಿರಾಕಿಗಳು ಮುಖ ನೋಡಿ ಮರುಳಾಗುತ್ತಾರೆ, ನಾವು ಬೆನ್ನು ನೋಡುತ್ತೇವೆ. ಬಿಸಿಲಿಗೆ ಬಣ್ಣ ಹೋದರೆ ಅದು ಮುಖದಲ್ಲಿ ಮಾತ್ರ ಹೋಗುತ್ತದೆ. ಬೆನ್ನು ನೆಲಕ್ಕೆ ಒತ್ತಿಕೊಂಡಿರುತ್ತದಲ್ಲ, ಅಲ್ಲಿ ಹಳೇ ಬಣ್ಣ ಹಾಗೇ ಉಳಿದಿರುತ್ತದೆ. ಇವರ ಕಂಬಳಿಯ ಬೆನ್ನಲ್ಲೂ ಅವೇ ಪಟ್ಟೆಗಳು, ಅದೇ ಜಾಗದಲ್ಲಿ. ಅಂದರೆ ಬಣ್ಣ ಹೋಗಿಲ್ಲ. ನೇಯ್ದದ್ದೇ ಹಾಗೆ.

ಇದಕ್ಕೆ ಇರಾನಿನಲ್ಲಿ ಅಬ್ರಶ್ ಅನ್ನುತ್ತಾರೆ. ಅಂಚಿನಲ್ಲಿ ಎರಡು ಬಣ್ಣದ ಉಣ್ಣೆಯನ್ನು ಹಗ್ಗ ಹೊಸೆದಂತೆ ಸುತ್ತಿದ್ದರು. ಹಾಸಿನ ಎಳೆಗಳೂ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದವೂ, ಉಣ್ಣೆಯವೇ, ಹತ್ತಿಯವಲ್ಲ. ಅದನ್ನೆಲ್ಲ ನೋಡಿದರೆ ಶಿರಾಜ್ ಸುತ್ತಲಿನ ಫಾರ್ಸ್ ಪ್ರಾಂತ್ಯದ ಕಶ್ಕಾಯಿ ಅಲೆಮಾರಿಗಳ ಕೆಲಸ ಅನ್ನಿಸಿತು. ಅಲ್ಲಿ ಕುರಿ ಉಣ್ಣೆ ಕತ್ತರಿಸುವುದು, ಮಗ್ಗ ಕಟ್ಟುವುದು ಗಂಡಸರು. ನೂಲುವುದು, ಬಣ್ಣ ಆರಿಸುವುದು, ನೇಯುವುದು ಹೆಂಗಸರು. ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿ ಗಿಡದಿಂದ ನೀಲಿ, ಅಕ್ರೋಟ್ ಮತ್ತು ದಾಳಿಂಬೆ ಸಿಪ್ಪೆಯಿಂದ ಕಂದು ಛಾಯೆಗಳು. ಸಣ್ಣ ಪಾತ್ರೆಯಲ್ಲಿ ಒಂದು ಸಲಕ್ಕೆ ಎಷ್ಟು ಉಣ್ಣೆ ಅದ್ದಲು ಆಗುತ್ತದೆ ಹೇಳಿ? ಅದು ಮುಗಿದರೆ ಇನ್ನೊಂದು ಪಾತ್ರೆ, ಇನ್ನೊಂದು ನೀಲಿ. ಮಗ್ಗವೂ ನೆಲದ ಮೇಲೆ ಮಲಗಿಸಿದ್ದು. ಗುಳೇ ಹೊರಟರೆ ಬಿಚ್ಚಿ ಕಟ್ಟಿಕೊಂಡು ಹೋಗಬೇಕು. ಹಾಗಾಗಿ ಈ ಕಂಬಳಿಯ ಒಂದು ತುದಿ ಇನ್ನೊಂದಕ್ಕಿಂತ ನಾಲ್ಕು ಬೆರಳು ಜಾಸ್ತಿ ಅಗಲ ಇತ್ತು. ಮುಂದೆ ಯಾವ ನಕ್ಷೆಯೂ ಇಲ್ಲದೆ, ಮನಸ್ಸಿನಲ್ಲಿದ್ದದ್ದನ್ನೇ ನೇಯುತ್ತಾರೆ. ಫಾರ್ಸ್‌ನ ಈ ವಿದ್ಯೆಯನ್ನೂ ಇರಾನಿನದೇ ಕಾಶಾನ್ ಊರಿನ ನೇಯ್ಗೆಯನ್ನೂ ಯುನೆಸ್ಕೊ 2010ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿನ ಕಾರ್ಖಾನೆಗಳ ಲೆಕ್ಕವೇ ಬೇರೆ. ಅಲ್ಲಿ ಚೌಕಳಿ ಕಾಗದದ ಮೇಲೆ ನಕ್ಷೆ ಇರುತ್ತದೆ. ಕೆಲವು ಕಡೆ ಒಬ್ಬರು ನಕ್ಷೆ ನೋಡಿಕೊಂಡು "ಎರಡು ಕೆಂಪು, ಒಂದು ಬಿಳಿ" ಅಂತ ರಾಗವಾಗಿ ಹೇಳುತ್ತಿದ್ದರು, ಮಗ್ಗದ ಮುಂದೆ ಕೂತವರು ಗಂಟು ಹಾಕುತ್ತಿದ್ದರು. ತಬ್ರೀಜ್‌ನಲ್ಲಿ ಗಂಟಿನ ಅಳತೆಗೆ ರಜ್ ಎಂದು ಹೆಸರು. 7 ಸೆಂಟಿಮೀಟರಿನಲ್ಲಿ ಎಷ್ಟು ಗಂಟೋ ಅಷ್ಟು ರಜ್. 50 ರಜ್‌ನ, 2 ಮೀಟರ್ ಅಗಲ 3 ಮೀಟರ್ ಉದ್ದದ ಕಂಬಳಿ ಅಂದುಕೊಳ್ಳಿ. ಸುಮಾರು 30 ಲಕ್ಷ ಗಂಟು. ಕೈ ಪಳಗಿದವರು ದಿನಕ್ಕೆ 8,000 ಹಾಕುತ್ತಾರೆ ಅಂದರೂ ಒಬ್ಬರಿಗೇ ಒಂದು ವರ್ಷ ದಾಟುತ್ತದೆ. ಬೆಲೆ ಕೇಳಿ ಹುಬ್ಬೇರಿಸುವವರಿಗೆ ನಾನು ಈ ಲೆಕ್ಕ ಒಪ್ಪಿಸುತ್ತೇನೆ.

ಇನ್ನು ಗಂಟು. ಹಾಸಿನ ಎರಡು ಎಳೆಗಳನ್ನೂ ಸುತ್ತಿ, ಉಣ್ಣೆಯ ಎರಡೂ ತುದಿ ನಡುವಿನಿಂದ ಹೊರಬಂದರೆ ಅದು ತುರ್ಕಿ ಗಂಟು. ಒಂದನ್ನು ಮಾತ್ರ ಸುತ್ತಿ, ಇನ್ನೊಂದರ ಹಿಂದಿನಿಂದ ಹಾದು ಬಂದರೆ ಪರ್ಷಿಯನ್ ಗಂಟು. ಈ ಪರ್ಷಿಯನ್ ಗಂಟಿಗೆ ವ್ಯಾಪಾರದಲ್ಲಿ ಸೆನ್ನೆ ಅನ್ನುವ ಹೆಸರೂ ಇದೆ. ಸೆನ್ನೆ ಅಂದರೆ ಈಗಿನ ಸನಂದಜ್ ಊರು. ತಮಾಷೆ ಏನೆಂದರೆ ಆ ಊರಿನವರು ನೇಯುವುದು ತುರ್ಕಿ ಗಂಟಿನಲ್ಲಿ! ಯಾವ ಗಂಟು ಮೇಲು ಅಂತ ಜಗಳ ಬೇಡ. ಎರಡರ ಬದಲು ನಾಲ್ಕು ಎಳೆಗೆ ಒಂದೇ ಗಂಟು ಹಾಕುವ ಜುಫ್ತಿ ಇದೆಯಲ್ಲ, ಅದು ಮಾತ್ರ ಕಳ್ಳಾಟ. ಕೆಲಸ ಅರ್ಧಕ್ಕೆ ಇಳಿಯುತ್ತದೆ, ಕಂಬಳಿ ಬೇಗ ಸವೆಯುತ್ತದೆ.

ದೇವರೊಬ್ಬನೇ ಪರಿಪೂರ್ಣ ಅಂತ ನೇಕಾರರು ಬೇಕೆಂದೇ ಒಂದು ತಪ್ಪು ಬಿಡುತ್ತಾರೆ, ನಮ್ಮ ದೃಷ್ಟಿಬೊಟ್ಟಿನ ಹಾಗೆ, ಎಂಬ ಕತೆ ಅಂಗಡಿಗಳಲ್ಲಿ ಚೆನ್ನಾಗಿ ಓಡುತ್ತದೆ. ನನಗೆ ನಂಬಿಕೆ ಇಲ್ಲ. ಲಕ್ಷಗಟ್ಟಲೆ ಗಂಟು ಹಾಕುವ ಕೈಗೆ ತಪ್ಪನ್ನು ಹುಡುಕಿಕೊಂಡು ಹೋಗುವ ಕಷ್ಟ ಯಾಕೆ?

ರಿಪೇರಿಯವರು ಮಾತಿಗೆ ಕೂತರೆ ಇರಾನಿನ ಹೆಸರಾಂತ ಹಳೇ ಅರ್ದಬಿಲ್ ಕಂಬಳಿಯ ವಿಷಯ ಬಂದೇ ಬರುತ್ತದೆ. ಅದರಲ್ಲೇ ಹಿಜರಿ 946 ಎಂದು ನೇಯ್ದಿದ್ದಾರೆ, ಅಂದರೆ 1539-40. ಮಕ್ಸೂದ್ ಕಾಶಾನಿ ಎಂಬ ಹೆಸರೂ ಇದೆ. ಉದ್ದ 10 ಮೀಟರಿಗೂ ಜಾಸ್ತಿ. 1893ರಲ್ಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2,000 ಪೌಂಡ್ ಕೊಟ್ಟು ಕೊಂಡಿತು. ಆದರೆ ಅಸಲಿಗೆ ಕಂಬಳಿ ಎರಡಿದ್ದವು. ಒಂದರ ತುಂಡು ಕತ್ತರಿಸಿ ಇನ್ನೊಂದಕ್ಕೆ ತೇಪೆ ಹಾಕಿ ಮಾರಿದ್ದರು. ಅಂಚು ಕಳೆದುಕೊಂಡ ಆ ಇನ್ನೊಂದು ಈಗ ಲಾಸ್ ಏಂಜಲೀಸ್‌ನಲ್ಲಿದೆ. ಕೆಲಸ ಎಷ್ಟೇ ನಾಜೂಕಾಗಿರಲಿ, ನನಗಂತೂ ಹೊಟ್ಟೆ ಚುರ್ ಅನ್ನುತ್ತದೆ. ಲಂಡನ್ನಿನಲ್ಲಿ ಬಣ್ಣ ಮಾಸದಿರಲೆಂದು ಅದರ ಮೇಲೆ ಅರ್ಧ ಗಂಟೆಗೊಮ್ಮೆ 10 ನಿಮಿಷ ಮಾತ್ರ ದೀಪ ಹಾಕುತ್ತಾರೆ. ನಾವು ಬಾಲ್ಕನಿ ಬಾಗಿಲ ಎದುರಿಗೇ ಹಾಸುತ್ತೇವೆ.

ಕೊಳ್ಳುವವರಿಗೆ ಒಂದು ಮಾತು. ಕುಚ್ಚು ಅಂದರೆ ಹಾಸಿನ ಎಳೆಗಳದ್ದೇ ತುದಿ. ಅದನ್ನು ಬೇರೆ ಪಟ್ಟಿಯಾಗಿ ಹೊಲಿದಿದ್ದರೆ ಅನುಮಾನ ಪಡಿ. ಅದು ಮೆಷಿನ್ ಮಾಲು ಇರಬಹುದು, ಇಲ್ಲವೇ ಹರಿದ ತುದಿಯನ್ನು ಮುಚ್ಚಿದ್ದಿರಬಹುದು. ಉತ್ತರ ಪ್ರದೇಶದ ಭದೋಹಿಯ, ಕಾಶ್ಮೀರದ ಕಂಬಳಿಗಳಲ್ಲೂ ಒಳ್ಳೆಯವು ಬೇಕಾದಷ್ಟಿವೆ. ಅವನ್ನು ಆಯಾ ಹೆಸರಲ್ಲೇ ಮಾರಿದರೆ ಸಾಕು, ಪರ್ಷಿಯನ್ ಅನ್ನಬೇಕಾಗಿಲ್ಲ.

ಆ ಮಂಗಳೂರಿನ ಕಂಬಳಿಯಲ್ಲಿ ನಿಜವಾದ ತೊಂದರೆ ಬೇರೆಯೇ ಇತ್ತು. ಸೋಫಾದ ಕೆಳಗಿದ್ದ ಮೂಲೆಯಲ್ಲಿ ಅಂಗೈಯಗಲ ನುಸಿ ತಿಂದಿತ್ತು. ಕತ್ತಲೆ, ಧೂಳು, ಯಾರೂ ಸರಿಸದ ಜಾಗ ಅಂದರೆ ಅದಕ್ಕೆ ಹಬ್ಬ. ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿದೆ, ಬಿಡಲಿಲ್ಲ. ತಣ್ಣೀರಿನಲ್ಲಿ ಮೂರು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಆಮೇಲೆ ಮೂಲೆಯಲ್ಲಿ ಒಂದೊಂದೇ ಗಂಟು ಹಾಕಿದೆ. ಮೂರು ನೀಲಿ ಬೇಕಾಯಿತು, ಪಟ್ಟೆಗೆ ಸರಿಹೊಂದಿಸಲು.

ತಗೊಂಡು ಹೋದ ವಾರಕ್ಕೆ ಫೋನ್ ಬಂತು. "ಅಲ್ಲ, ತೊಳೆದ ಮೇಲೆ ಪಟ್ಟೆ ಇನ್ನೂ ಜಾಸ್ತಿ ಕಾಣ್ತಾ ಉಂಟಲ್ಲ?"

"ಹೌದು ಮೇಡಂ," ಅಂದೆ, "ಇಷ್ಟು ದಿನ ಧೂಳು ಮುಚ್ಚಿಕೊಂಡಿತ್ತು."